ಬೇಡವೆಂದ ಕೈ ಬರೆದ ಹೂವು

“ಗುರುಗಳೇ, ಸರಿಯಿಲ್ಲದವನ ಜೊತೆ ಬಾಳುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಕೇಳುವಾಗ ಅವನ ಎರಡು ಮುಷ್ಟಿಯೂ ಬಿಗಿದಿದ್ದವು. ಆಶ್ರಮಕ್ಕೆ ಹೊಸಬನೊಬ್ಬ ಬಂದು ಇವನ ಕೋಣೆ ಸೇರಿದ್ದ. ಹೊಸಬ ಕಸ ಗುಡಿಸುವುದು ಇವನ ಹಾಗಲ್ಲ, ಶ್ಲೋಕ ಹೇಳುವುದು ಇವನ ಹಾಗಲ್ಲ, ಚಾಪೆ ಹಾಸುವ ದಿಕ್ಕೂ ಬೇರೆ. ಅವನನ್ನು ಕೋಣೆಯಿಂದ ಕಳಿಸಿಬಿಡಿ ಎಂಬುದು ಇವನ ಹಟ. ಆಶ್ರಮದಲ್ಲಿ ಬೇರೆ ಕೋಣೆ ಇರಲಿಲ್ಲ. ಕಳಿಸಿದರೆ ಹೊಸಬನನ್ನು ಊರಿಗೇ ಕಳಿಸಬೇಕಿತ್ತು.

“ಉಗುರಿಗೆ ಹೂ ಬರೆದುಕೊಂಡ ಒಬ್ಬ ಹೆಂಗಸಿನ ಕತೆ ಹೇಳುತ್ತೇನೆ” ಎಂದರು ಗುರುಗಳು. ಶಿಷ್ಯನಿಗೆ ನಗು ಬಂತು. “ಯಾಕಪ್ಪ, ನಿನ್ನ ವೇದಾಂತಕ್ಕೆ ಉಗುರು ಚಿಕ್ಕದಾಯಿತೇ? ಕೇಳು.”

ಒಂದು ಮನೆಯಲ್ಲಿ ಇಬ್ಬರು ವಾರಗಿತ್ತಿಯರಿದ್ದರು. ಹಿರಿಯವಳ ಕೈಯಲ್ಲಿ ಕಲೆಯಿತ್ತು. ಗುಂಡುಸೂಜಿಯ ತಲೆಯನ್ನು ಬಿಳಿ ಬಣ್ಣಕ್ಕೆ ಅದ್ದಿ ಉಗುರಿನ ಮೇಲೆ ದುಂಡಗೆ ಚುಕ್ಕೆ ಇಡುವಳು. ನಡುವೆ ಹಳದಿ, ಪಕ್ಕಕ್ಕೊಂದು ಹಸಿರು ಗೆರೆ. ಹೂವಾಯಿತು. ಹಬ್ಬ ಬಂತೆಂದರೆ ಕೇರಿಯ ಹುಡುಗಿಯರೆಲ್ಲ ಅವಳ ಮುಂದೆ ಕೈ ಚಾಚುವರು. ಅವಳ ಎಡಗೈಗೆ ಅವಳೇ ಬರೆದುಕೊಳ್ಳುವಳು. ಬಲಗೈಗೆ ಮಗಳು ಬರೆಯುವಳು.

ಕಿರಿಯವಳು ಎಡಚಿ. ಮದುವೆಯಾಗಿ ಬಂದ ಹೊಸತರಲ್ಲಿ, ಗೌರಿ ಹಬ್ಬದ ದಿನ, ಅವಳು ಮೈಮರೆತು ಎಡಗೈಯಲ್ಲಿ ಪಾಯಸ ಬಡಿಸಿದಳು. ನೆಂಟರೆಲ್ಲ ಕೂತಿದ್ದ ಪಂಕ್ತಿಯಲ್ಲೇ ಹಿರಿಯವಳು, “ಎಡಗೈಯಲ್ಲಿ ಬಡಿಸಿದ್ದು ಯಾರ ಗಂಟಲಲ್ಲಿ ಇಳಿಯುತ್ತೆ?” ಎಂದಳು. ಅಂದಿನಿಂದ ಕಿರಿಯವಳು ಆ ಕೈಯನ್ನು ಸೆರಗಿನಡಿ ಇಟ್ಟಳು. ಬಲಗೈಯಲ್ಲೇ ಬಡಿಸಿದಳು, ಚೆಲ್ಲಿದಳು, ಚೆಲ್ಲಿದ್ದಕ್ಕೂ ಬೈಸಿಕೊಂಡಳು. ಇಬ್ಬರದೂ ಎಣ್ಣೆ ಸೀಗೆಕಾಯಿ ಆಯಿತು. ಆಡಿದ್ದು ಹೆಚ್ಚಾಯಿತೆಂದು ಹಿರಿಯವಳಿಗೆ ಒಮ್ಮೊಮ್ಮೆ ಅನ್ನಿಸುತ್ತಿತ್ತು. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಅವಳದು.

ಹಿರಿಯವಳ ಮಗಳಿಗೆ ಮದುವೆ ಗೊತ್ತಾಯಿತು. ನಾಳೆ ಮನೆಯಲ್ಲೇ ನಿಶ್ಚಿತಾರ್ಥ. ಇಬ್ಬರು ಮುತ್ತೈದೆಯರು ತಟ್ಟೆಯ ಎರಡು ಬದಿ ಹಿಡಿದು ಆರತಿ ಎತ್ತಬೇಕು. ಆ ಮನೆಗೆ ಇದ್ದ ಮುತ್ತೈದೆಯರು ಈ ಇಬ್ಬರೇ. ಬೀಗರ ಕಣ್ಣೆಲ್ಲ ತಟ್ಟೆ ಹಿಡಿದ ಬಲಗೈಯ ಮೇಲೆ.

ಹಿರಿಯವಳು ಕಿಟಕಿಯ ಬಳಿ ಕೂತು ಎಡಗೈಯ ಉಗುರುಗಳಿಗೆ ಹೂ ಬರೆದಳು. ಒಂದಕ್ಕಿಂತ ಒಂದು ಚೆಂದ ಬಂದವು. ಬಲಗೈ ಉಳಿಯಿತು. ಮಗಳನ್ನು ಕರೆಯೋಣವೆಂದರೆ ಅವಳ ಎರಡು ಕೈಗೂ ಹಸಿ ಮೆಹಂದಿ. ಕೊನೆಗೆ ಸೂಜಿಯನ್ನು ಎಡಗೈಗೆ ತಾನೇ ಕೊಟ್ಟಳು. ಕೈ ನಡುಗಿತು. ಚುಕ್ಕೆ ಚುಕ್ಕೆ ಕೂಡಿ ಉಗುರಿನ ಮೇಲೆ ಮೊಸರು ಚೆಲ್ಲಿದ ಹಾಗಾಯಿತು. ಹತ್ತಿಯಿಂದ ಒರೆಸಿದಳು, ಮತ್ತೆ ಬರೆದಳು, ಮತ್ತೆ ಒರೆಸಿದಳು. ಉಗುರಿನ ಸುತ್ತ ಚರ್ಮ ಕೆಂಪಾಗಿ ಉರಿಯತೊಡಗಿತು. ಅಳುವೇ ಬಂತು.

“ಎಡಗೈ ಯಾವತ್ತಿದ್ರೂ ಎಡಗೈನೇ” ಎಂದು ಗೊಣಗಿದಳು.

ಕಿರಿಯವಳು ಕಾಫಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಮಾತು ಕೇಳಿಸಿತ್ತು. ಒಳಗೆ ಬಂದು ಲೋಟ ಇಟ್ಟಳು, ಬಲಗೈಯಲ್ಲಿ. ಹಿರಿಯವಳ ಕಣ್ಣು ಆ ಉಗುರುಗಳ ಮೇಲೆ ನಿಂತಿತು. ಪ್ರತಿ ಉಗುರಿನ ಮೇಲೂ ಒಂದು ಹೂವು, ಒಂದು ಮೊಗ್ಗು, ಕೂದಲೆಳೆಯಷ್ಟು ಸಣ್ಣ ತೊಟ್ಟು. ತನ್ನ ಹೂವುಗಳಿಗೆ ತೊಟ್ಟಿರಲಿಲ್ಲ.

“ಯಾರೇ ಬರೆದಿದ್ದು ಇದನ್ನ? ಪಾರ್ಲರಿಗೆ ಹೋಗಿದ್ದೆಯಾ?”

“ಇಲ್ಲಕ್ಕ. ನೀವು ಬೇಡ ಅಂದ ಕೈ ಬರೆದಿದ್ದು.”

ಅವಳು ಕುಟುಕಲೆಂದು ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದಳು. ಹಿರಿಯವಳಿಗೆ ಮೊದಲು ಸಿಟ್ಟು ಬಂತು. ಆಮೇಲೆ ನಾಚಿಕೆಯಾಯಿತು. ಕಿರಿಯವಳು ಹೋಗಲೆಂದು ತಿರುಗಿದಾಗ ಅವಳು ಉರಿಯುತ್ತಿದ್ದ ಬಲಗೈಯನ್ನು ಮುಂದಕ್ಕೆ ಚಾಚಿದಳು. ಕಿರಿಯವಳು ಎದುರಿಗೆ ಕೂತು, ಸೆರಗಿನಡಿಯಿಂದ ಎಡಗೈ ತೆಗೆದು ಸೂಜಿ ಹಿಡಿದಳು. ಆ ಕೈಯ ಉಗುರುಗಳ ಮೇಲೂ ಮೊಸರು ಚೆಲ್ಲಿತ್ತು. ಬಲಗೈಯಲ್ಲಿ ಬರೆದುಕೊಂಡದ್ದು ಅದು. ಹಿರಿಯವಳು ತನ್ನ ಬಣ್ಣ ಒಣಗಿದ ಮೇಲೆ ಕಿರಿಯವಳ ಎಡಗೈಯ ಉಗುರುಗಳನ್ನು ಒರೆಸಿ, ತೊಟ್ಟು ಸಮೇತ ಹೊಸ ಹೂ ಬರೆದಳು.

ಮರುದಿನ ಆರತಿಯಾಯಿತು. ಊಟಕ್ಕೆ ಕೂತಾಗ ಬೀಗಿತ್ತಿ ಹಿರಿಯವಳನ್ನು ಬಲವಂತವಾಗಿ ಪಕ್ಕದಲ್ಲೇ ಕೂರಿಸಿಕೊಂಡಳು. ಕಿರಿಯವಳು ಪಾಯಸ ತಂದಳು. ಬಲಗೈಯ ಸೌಟು ನಡುಗುತ್ತಿತ್ತು. ಬೀಗರು ಏನೆಂದುಕೊಳ್ಳುವರೋ ಎಂದು ಹಿರಿಯವಳು ಅಳುಕಿದಳು. ಆದರೂ ತನ್ನ ಎಲೆಯನ್ನು ಮುಂದಕ್ಕೆ ಸರಿಸಿ ಎಲ್ಲರಿಗೂ ಕೇಳುವಂತೆ, “ಆ ಕೈ ಬೇಡ ಕಣಮ್ಮ, ನಿನ್ನ ಕೈಯಲ್ಲೇ ಬಡಿಸು” ಎಂದಳು. ಕಿರಿಯವಳು ಸೌಟನ್ನು ಎಡಗೈಗೆ ಬದಲಿಸಿದಳು. ಒಂದು ಹನಿಯೂ ಚೆಲ್ಲಲಿಲ್ಲ. ಹಿರಿಯವಳು ಮೊದಲು ತಾನೇ ಉಂಡಳು. ಪಾಯಸ ಗಂಟಲಲ್ಲಿ ಸಲೀಸಾಗಿ ಇಳಿಯಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಿರಲಿಲ್ಲ.

“ಅವಳ ಉಗುರು ಕೆಟ್ಟಿತ್ತು, ಅದಕ್ಕೆ ಕೈ ಚಾಚಿದಳು. ನನಗೆ ಅವನಿಂದ ಆಗಬೇಕಾದದ್ದು ಏನಿದೆ ಗುರುಗಳೇ?”

ಗುರುಗಳು ಅವನ ಕೈಗಳ ಕಡೆ ನೋಡಿದರು. “ಮೊದಲು ಮುಷ್ಟಿ ಬಿಚ್ಚು, ನಿನ್ನ ಉಗುರು ಹೇಗಿದೆ ನೋಡೋಣ” ಎಂದರು.

ಶಿಷ್ಯ ಮುಷ್ಟಿ ಬಿಚ್ಚಿದ; ಅವನದೇ ಉಗುರು ಅವನ ಅಂಗೈಗೆ ನಾಟಿ ಕೆಂಪು ಗುರುತು ಮೂಡಿತ್ತು.