ಹೊರಡದ ಕಾರು ನುಡಿದ ಸತ್ಯ

ಶಕುನವನ್ನು ಕಳಿಸುವವನೂ ಭಗವಂತ, ಅದರ ಅರ್ಥ ಹೇಳುವವರನ್ನು ಕಳಿಸುವವನೂ ಅವನೇ.

ಹೆಣ್ಣೊಪ್ಪಿಸುವ ಶಾಸ್ತ್ರ ಮುಗಿದಿತ್ತು. ಮದುಮಗಳು ಪಾವನಾ ತಾಯಿಯನ್ನು ತಬ್ಬಿ ಅತ್ತು, ಗಂಡನ ಪಕ್ಕ ಕಾರಿನಲ್ಲಿ ಕೂತಳು. ಡ್ರೈವರ್ ದೇವರನ್ನು ನೆನೆದು ಕೀಲಿ ತಿರುಗಿಸಿದ. ಕಾರು 'ಟಕ್' ಎಂದಿತು, ಹೊರಡಲಿಲ್ಲ.

"ಅಪಶಕುನ!" ಎಂದು ಗುಡುಗಿದರು ವರನ ಸೋದರಮಾವ ಸೀತಾಪತಯ್ಯ. "ಹುಡುಗಿಯ ಕಾಲ್ಗುಣವೇ ಸರಿಯಿಲ್ಲ. ಇಳಿಸಿ ಅವಳನ್ನ. ಜಾತಕ ಮತ್ತೆ ತೋರಿಸೋವರೆಗೂ ತೌರಲ್ಲೇ ಇರಲಿ."

ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಗ ಭಗವಂತ ಡ್ರೈವರನ ನಾಲಿಗೆಯ ಮೇಲೆ ಬಂದು ಕೂತನೆಂದೇ ನನ್ನ ನಂಬಿಕೆ.

"ಸ್ವಾಮಿ," ಎಂದ ಅವನು ಕೈಮುಗಿದು, "ಮಾತಾಡುವಾಗ ಹಲ್ಲಿ ಲೊಚಗುಟ್ಟಿದರೆ ಆ ಮಾತು ಸತ್ಯ ಅಂತೀವಲ್ಲ? ಈ ಕಾರನ್ನೂ ಹಾಗೇ ಕೇಳಿಬಿಡೋಣ. ಈ ಮದುಮಗಳು ಮನೆ ಬೆಳಗೋ ಲಕ್ಷ್ಮಿ."

ಕೀಲಿ ತಿರುಗಿಸಿದ. 'ಟಕ್!'

ಅಜ್ಜಿಯೊಬ್ಬರು "ಕೃಷ್ಣ ಕೃಷ್ಣ" ಎನ್ನುತ್ತ ಕಾರಿನ ಬಾಗಿಲನ್ನೇ ಬೆರಳಿನಿಂದ ತಟ್ಟಿದರು.

"ಊಟ ಆದಮೇಲೆ ಯಾರೋ ದೊಡ್ಡವರು ಈ ಕಾರಲ್ಲಿ ಹಾಡು ಹಾಕ್ಕೊಂಡು, ಹೊರಡೋವರೆಗೂ ಗೊರಕೆ ಹೊಡೆದು ಬ್ಯಾಟರಿ ಇಳಿಸಿದ್ದಾರೆ," ಎಂದು ಡ್ರೈವರ್ ಕೀಲಿ ತಿರುಗಿಸಿದ.

'ಟಕ್!'

ಸೀತಾಪತಯ್ಯ ಶಲ್ಯದ ತುದಿಯಿಂದ ಹಣೆ ಒರೆಸಿಕೊಂಡರು.

"ಅವರ ಹೆಸರು..." ಎನ್ನುತ್ತ ಡ್ರೈವರ್ ಮತ್ತೆ ಕೀಲಿಗೆ ಕೈ ಹಾಕಿದ.

"ಸಾಕು ಬಿಡಪ್ಪಾ, ಅದನ್ಯಾಕೆ ಸುಮ್ಮನೆ ಕಾಡ್ತೀಯ!" ಎಂದರು ಸೀತಾಪತಯ್ಯ. ಶಲ್ಯವನ್ನು ಸೊಂಟಕ್ಕೆ ಬಿಗಿದು, ಎಲ್ಲರಿಗಿಂತ ಮೊದಲು ಕಾರಿನ ಹಿಂದೆ ಹೋಗಿ ನಿಂತರು. "ಬನ್ರೋ, ತಳ್ಳೋಣ. ದೀಪ ಹಚ್ಚೋ ಹೊತ್ತಿಗೆ ನಮ್ಮ ಸೊಸೆ ಮನೆ ತುಂಬಬೇಕು."