ದವಡೆಯ ಕೆಳಗೆ ಗಂಟು ಊದುವುದೇಕೆ

ಭೂಮಿಗೆ ಇನ್ನೂ ಹಸಿಮಣ್ಣಿನ ವಾಸನೆ ಇದ್ದ ಕಾಲ. ನದಿಗಳು ತಮ್ಮ ತಮ್ಮ ದಾರಿ ಹುಡುಕಿಕೊಳ್ಳುತ್ತಿದ್ದವು. ಆಗ ಮಾಚವ್ವ ಎಂಬ ಹೆಣ್ಣುಮಗಳಿದ್ದಳು. ಅವಳ ಮೈಯೊಳಗೆ, ಕೆಂಪು ನೆತ್ತರಿನ ಹೊಳೆಯಲ್ಲಿ, ಬಿಳಿಯಣ್ಣ ಎಂಬ ಕಾವಲುಗಾರ ಕಣ ಈಜಾಡಿಕೊಂಡಿದ್ದ.

ಕೇಡು ಮಾಡುವವರು ಯಾರೇ ಹೊಳೆಗಿಳಿದರೂ ಬಿಳಿಯಣ್ಣ ಬಿಡುತ್ತಿರಲಿಲ್ಲ. ಆದರೆ ಅವನ ಸಿಟ್ಟು ಬಲು ದೊಡ್ಡದು. ಮನೆಯವರ ಮೇಲೂ ಕೈಮಾಡಿಬಿಟ್ಟರೆ? ಅದಕ್ಕೇ ಮೈಯ ಕಣಗಳಿಗೆಲ್ಲ ಒಂದು ಗುಟ್ಟು ಗೊತ್ತಿತ್ತು. ಅವನ ಹೆಗಲ ಮೇಲೆ ಕೈಯಿಟ್ಟು "ಸಾಕಣ್ಣಾ" ಅಂದರೆ ಅವನು ತಟ್ಟನೆ ನಿಂತುಬಿಡುತ್ತಿದ್ದ.

ಎದೆಗೂಡಿನ ಬಳಿ ಕೆಂಚಿ ಎಂಬ ಕಣ ಇದ್ದಳು. ಮಾಚವ್ವ ಕೂಸಾಗಿದ್ದಾಗ ಅವಳೂ ಬಿಳಿಯಣ್ಣನೂ ಜೊತೆಗೇ ಬೆಳೆದವರು. ಹೊರಗಿನಿಂದ ಜೋಗುಳ ಕೇಳಿಸಿದರೆ ಹೊಳೆಯ ದಡದಲ್ಲಿ ತೂಗಿ ತೂಗಿ ನಿದ್ದೆಹೋಗುತ್ತಿದ್ದರು. ಎಂಥ ದಿನಗಳು ಅವು!

ಆಮೇಲೊಂದು ದಿನ ಕೆಂಚಿಗೆ ಏನಾಯಿತೋ, ಬೆಳೆಯುವುದನ್ನು ನಿಲ್ಲಿಸಲೇ ಇಲ್ಲ. ಒಬ್ಬಳು ಇಬ್ಬರಾದಳು, ಇಬ್ಬರು ನಾಲ್ವರಾದರು. ಅಕ್ಕಪಕ್ಕದವರ ಅನ್ನ ಕಸಿದು ತಿಂದರು. ಈಗ ನಾವು ಕ್ಯಾನ್ಸರ್ ಅನ್ನುತ್ತೇವಲ್ಲ, ಆ ಕಾಯಿಲೆ ಅದು.

ಬಿಳಿಯಣ್ಣ ಕತ್ತಿ ಹಿಡಿದು ಬಂದ. ಕೆಂಚಿ ಅವನ ಹೆಗಲ ಮೇಲೆ ಕೈಯಿಟ್ಟಳು.

"ಸಾಕಣ್ಣಾ. ಜೋಗುಳ ಮರೆತುಹೋಯ್ತಾ?"

ಅದೇ ಹಳೆಯ ದನಿ. ಅವನ ಕಣ್ಣು ತುಂಬಿತು. ಕತ್ತಿ ಕೆಳಗಿಳಿಯಿತು.

ಕೆಂಚಿಯ ಮಕ್ಕಳು ಹೊಳೆಯಲ್ಲಿ ತೇಲುತ್ತಾ ಶ್ವಾಸಕೋಶಕ್ಕೆ ಹೋದರು, ಮೂಳೆಗೆ ಹೋದರು. ಬಿಳಿಯಣ್ಣನಂಥ ಬೇರೆ ಕಾವಲುಗಾರರು ಎದುರಾದಲ್ಲೆಲ್ಲ ಆ ಮಕ್ಕಳು ಹೆಗಲು ಮುಟ್ಟಿ "ಸಾಕಣ್ಣಾ, ಸಾಕಣ್ಣಾ" ಅಂದರು. ಎಲ್ಲರೂ ದಾರಿ ಬಿಟ್ಟರು. ಮಾಚವ್ವ ಸೊರಗಿ ಹಾಸಿಗೆ ಹಿಡಿದಳು.

ಮಾಚವ್ವನ ಉಸಿರು ತೇಕುತ್ತಾ ಬಿಳಿಯಣ್ಣನ ಬಳಿಗೆ ಬಂದು ಹೇಳಿತು: "ಬಿಳಿಯಣ್ಣಾ, ನಾನು ಆಡ್ತಿದ್ದ ಕೋಣೇಲಿ ಈಗ ಕಾಲಿಡೋಕೂ ಜಾಗ ಇಲ್ಲ."

"ಅವಳು ನಮ್ಮವಳು ಕಣಪ್ಪಾ."

"ನಮ್ಮವಳಾಗಿದ್ದಳು."

ಬಿಳಿಯಣ್ಣ ತನ್ನ ಹೆಗಲು ಮುಟ್ಟಿ ನೋಡಿಕೊಂಡ. ಆಮೇಲೆ, "ಆ ಕೈ ತಾಕಿದರೆ ನನ್ನ ಕೈಲಾಗಲ್ಲ. ನನ್ನ ಹೆಗಲು ಮುಚ್ಚಿಬಿಡು" ಅಂದ.

ಉಸಿರು ಹೊರಗಿನ ಮಂಜು ತಂದು ಅವನ ಹೆಗಲಿಗೂ ಉಳಿದ ಕಾವಲುಗಾರರ ಹೆಗಲಿಗೂ ಹೊದಿಸಿತು. ಕೆಂಚಿ ಮತ್ತೆ ಕೈಯಿಟ್ಟಳು. ಅವನಿಗೆ ತಾಕಲಿಲ್ಲ. ಅಳುತ್ತಲೇ ಕತ್ತಿ ಎತ್ತಿದ.

ಕೆಂಚಿಯೂ ಅವಳ ಮಕ್ಕಳೂ ಅಳಿದ ಮೇಲೆ ಮಾಚವ್ವ ಎದ್ದು ಕೂತು ಗಂಜಿ ಕೇಳಿದಳು. ಬಿಳಿಯಣ್ಣ ಮಾತ್ರ ಗೆದ್ದೆನೆಂದು ಕುಣಿಯಲಿಲ್ಲ. ಎಲ್ಲ ಕಾವಲುಗಾರರನ್ನೂ ಕರೆದ.

"ಇನ್ನು ಮೇಲೆ ಒಬ್ಬೊಬ್ಬರೇ ತೀರ್ಮಾನ ಮಾಡೋದು ಬೇಡ. ಯಾರನ್ನ ಕಂಡೆವು, ಏನು ಕಂಡೆವು, ಒಂದು ಕಡೆ ಕೂತು ಹೇಳಿಕೊಳ್ಳೋಣ."

ದವಡೆಯ ಕೆಳಗೆ ಪುಟ್ಟ ಪುಟ್ಟ ಕಟ್ಟೆ ಕಟ್ಟಿಕೊಂಡರು. ಮಾತು ಮುಗಿದ ಮೇಲೂ ಬಿಳಿಯಣ್ಣ ಅಲ್ಲೇ ಕೂತು ಚಿಕ್ಕಂದಿನ ಕೆಂಚಿಯ ಸುದ್ದಿ ಹೇಳುತ್ತಿದ್ದ. ಯಾರೂ ಅವನನ್ನು ತಡೆಯುತ್ತಿರಲಿಲ್ಲ.

ನೆಗಡಿ ಬಂದಾಗ ಅಮ್ಮ ನಿನ್ನ ಕುತ್ತಿಗೆ ಮುಟ್ಟಿ ನೋಡಿದರೆ ಕೈಗೆ ಸಿಗುವ ಊದಿದ ಗಂಟುಗಳಿವೆಯಲ್ಲ ಮಗೂ, ಅವೇ ಆ ಕಟ್ಟೆಗಳು, ಅಲ್ಲಿ ಇವತ್ತಿಗೂ ಕಾವಲುಗಾರರು ಒತ್ತೊತ್ತಾಗಿ ಕೂತು ಮಾತಾಡುತ್ತಿರುತ್ತಾರೆ.