ಎರವಲು ತಂದ ಯಂತ್ರಗಳು

ತಾಲ್ಲೂಕು ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ದಾಕ್ಷಾಯಿಣಿ ಎಂಬ ಹಿರಿಯ ನರ್ಸ್ ಇದ್ದರು. ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಮೂರು ಯಂತ್ರಗಳು ಅಲ್ಲಿದ್ದವು. ಅವುಗಳಲ್ಲಿ ಎರಡು ಕೆಟ್ಟು ಎಂಟು ತಿಂಗಳಾಗಿತ್ತು. ರಿಪೇರಿ ಮಾಡಿಸಿ ಎಂದು ಆಕೆ ಬರೆದ ಪತ್ರಗಳಿಗೆ ಉತ್ತರವೇ ಇಲ್ಲ. ವಾರ್ಡಿನ ಯಂತ್ರಗಳ ಲೆಕ್ಕದ ಪುಸ್ತಕದಲ್ಲಿ ಮಾತ್ರ ಪ್ರತಿ ತಿಂಗಳೂ ‘ಮೂರೂ ಸುಸ್ಥಿತಿಯಲ್ಲಿವೆ’ ಎಂದಿರುತ್ತಿತ್ತು.

ಆಡಿಟ್‌ನವರು ಬರುತ್ತಾರೆಂದು ಸುದ್ದಿಯಾಯಿತು. ಮುಖ್ಯ ವೈದ್ಯಾಧಿಕಾರಿ ವಾಮದೇವಪ್ಪ ಪರಿಚಯದ ಖಾಸಗಿ ನರ್ಸಿಂಗ್ ಹೋಮಿನಿಂದ ಎರಡು ಯಂತ್ರ ತರಿಸಿ ವಾರ್ಡಿನಲ್ಲಿ ನಿಲ್ಲಿಸಿದರು. ಕೆಟ್ಟವನ್ನು ಹಳೆ ಹಾಸಿಗೆಗಳ ಕೋಣೆಗೆ ತಳ್ಳಿಸಿದರು.

“ಒಂದು ದಿನದ ಮಾತು. ಕೇಳಿದರೆ ಎಲ್ಲಾ ನಮ್ಮವೇ ಅನ್ನಿ,” ಎಂದರು.

“ನಾಳೆ ಸಂಜೆ ಯಂತ್ರ ವಾಪಸ್ ಹೋಗ್ತವೆ ಸರ್. ಕೂಸುಗಳು ಇಲ್ಲೇ ಇರ್ತವೆ,” ಎಂದರು ದಾಕ್ಷಾಯಿಣಿ.

“ರಿಟೈರ್ ಆಗೋಕೆ ನಿಮಗಿನ್ನು ಎರಡೇ ವರ್ಷ. ಗಡಿ ತಾಲ್ಲೂಕಿಗೆ ಎತ್ತಿ ಹಾಕಿಸ್ಲಾ?”

“ಅಲ್ಲೂ ಹೆರಿಗೆ ಆಗ್ತವೆ. ಹೋಗ್ತೀನಿ.”

ಮರುದಿನ ಆಡಿಟ್ ಅಧಿಕಾರಿ ಸುಲೋಚನಾ ಬಂದರು. ಮೂರು ಯಂತ್ರಗಳನ್ನೂ ನೋಡಿ ತಲೆಯಾಡಿಸಿದರು. ದಾಕ್ಷಾಯಿಣಿಯ ಮುಂದೆ ಪುಸ್ತಕ ಚಾಚಿ, “ಇಲ್ಲಿ ಸಹಿ ಹಾಕಿ,” ಎಂದರು.

“ಹಾಕಲ್ಲ ಮೇಡಂ. ಇದರಲ್ಲಿ ನಮ್ಮದು ಒಂದೇ. ಉಳಿದೆರಡು ನಿನ್ನೆ ಬಂದ ನೆಂಟರು. ನಮ್ಮವನ್ನ ನೋಡ್ಬೇಕಾ? ಬನ್ನಿ.”

ವಾಮದೇವಪ್ಪ ಅಡ್ಡ ಬಂದರು. ಆಕೆ ಅವರನ್ನು ದಾಟಿ ಹೋಗಿ ಕೋಣೆಯ ಬಾಗಿಲು ತೆರೆದರು. ಹರಿದ ಹಾಸಿಗೆಗಳ ನಡುವೆ ಎರಡು ಯಂತ್ರಗಳು ಧೂಳು ಹಿಡಿದು ನಿಂತಿದ್ದವು.

ಸುಲೋಚನಾ ಪುಸ್ತಕದ ಹಿಂದಿನ ಹಾಳೆಗಳನ್ನು ತಿರುವಿದರು. “ಎಂಟು ತಿಂಗಳೂ ಸಾಹೇಬರ ಸಹಿ ಜೊತೆ ನಿಮ್ಮ ಸಹಿಯೂ ಇದೆಯಲ್ಲ?”

ದಾಕ್ಷಾಯಿಣಿ ತಮ್ಮ ಸಹಿಯ ಮೇಲೆ ಬೆರಳಿಟ್ಟರು.

“ಇದೆ. ಹೆದರಿ ಹಾಕಿದೆ. ಹೋದ ತಿಂಗಳು ರೇಣವ್ವ ಅನ್ನೋರಿಗೆ ಏಳು ತಿಂಗಳಿಗೇ ಹೆಣ್ಣುಕೂಸು ಹುಟ್ಟಿತು. ಇದ್ದ ಒಂದು ಯಂತ್ರದಲ್ಲಿ ಬೇರೆ ಕೂಸಿತ್ತು. ಜಿಲ್ಲಾಸ್ಪತ್ರೆಗೆ ಕಳಿಸಿದ್ವಿ. ದಾರೀಲೇ ತಣ್ಣಗಾಯ್ತು. ಸಾಹೇಬರ ಹೆಸರಿನ ಜೊತೆ ನನ್ನ ಹೆಸರೂ ಬರೀರಿ. ಆದರೆ ಇನ್ನು ಸುಳ್ಳಿಗೆ ನನ್ನ ಸಹಿ ಸಿಗಲ್ಲ.”

ಸುಲೋಚನಾ ಎಲ್ಲವನ್ನೂ ಬರೆದುಕೊಂಡರು. ವಿಚಾರಣೆ ನಡೆದು ವಾಮದೇವಪ್ಪ ಹುದ್ದೆ ಕಳೆದುಕೊಂಡರು. ದಾಕ್ಷಾಯಿಣಿಗೂ ಒಂದು ವರ್ಷದ ವೇತನ ಬಡ್ತಿ ತಪ್ಪಿತು. ಆಕೆ ತಕರಾರು ಮಾಡಲಿಲ್ಲ. ಎಂಟು ತಿಂಗಳು ಬಿದ್ದಿದ್ದ ಯಂತ್ರಗಳು ಅರ್ಧ ದಿನದಲ್ಲಿ ರಿಪೇರಿಯಾದವು!

ಆಮೇಲೆ ಆಕೆ ವಾರ್ಡಿನ ಬಾಗಿಲಿಗೆ ಕರಿಹಲಗೆಯೊಂದನ್ನು ತೂಗುಹಾಕಿದರು. ಯಾವುದು ನಡೆಯುತ್ತಿದೆ, ಯಾವುದು ಕೆಟ್ಟಿದೆ ಎಂದು ದಿನಾ ಬೆಳಿಗ್ಗೆ ಬರೆಯತೊಡಗಿದರು. ಬಾಣಂತಿಯರ ಮನೆಯವರೆಲ್ಲ ನಿಂತು ಓದುತ್ತಿದ್ದರು.

ಹೊಸದಾಗಿ ಬಂದ ವೈದ್ಯಾಧಿಕಾರಿ ಅದನ್ನು ನೋಡಿ ಹುಬ್ಬು ಗಂಟಿಕ್ಕಿದರು. ‘ಬಿಸಿನೀರಿನ ಬಾಯ್ಲರ್ ಕೆಟ್ಟಿದೆ’ ಎಂದು ಅಂದು ಬರೆದಿತ್ತು.

“ಅಳಿಸಿ ಇದನ್ನ. ಆಸ್ಪತ್ರೆ ಮಾನ ಹೋಗುತ್ತೆ.”

“ಬಾಯ್ಲರ್ ಸರಿ ಮಾಡಿಸಿ ಸರ್, ಆ ಕ್ಷಣ ಅಳಿಸ್ತೀನಿ,” ಎಂದು ದಾಕ್ಷಾಯಿಣಿ ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡರು.

ನೀತಿ: ಸುಳ್ಳನ್ನು ಬರೆಸಿದವನಷ್ಟೇ ಅಲ್ಲ, ಅದಕ್ಕೆ ಸಹಿ ಹಾಕಿದವರೂ ತಪ್ಪಿತಸ್ಥರೇ. ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳೋಣ. ಆಮೇಲೆ ಯಾರ ಮುಂದೆಯೂ ತಲೆ ತಗ್ಗಿಸಬೇಕಿಲ್ಲ. ಜನರ ಆಸ್ಪತ್ರೆ ಜನರಿಗೆ ಉತ್ತರ ಹೇಳಲೇಬೇಕು.